ವಾಸನೆಯ ಪಾಲು

ಆ ದಿನ ಬೆಳಗ್ಗೆ ಗುಳೇದಗುಡ್ಡದಲ್ಲಿ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಮಾರ್ಗಶಿರದ ಮಂಜು ಗುಡ್ಡದಿಂದ ಇಳಿದು ಬಂದು, ಮೆಲುಕು ಹಾಕುವ ದನದ ಹಾಗೆ ನೇಕಾರರ ಓಣಿಯಲ್ಲಿ ಕಾಲು ಮಡಚಿ ಕೂತುಬಿಟ್ಟಿತ್ತು. ಒಲೆಯ ಹೊಗೆ ಮೇಲೇರಲೊಲ್ಲದು, ಮಗ್ಗದ ಸದ್ದು ಮುಂದೆ ಹೋಗಲೊಲ್ಲದು. ಎಲ್ಲವೂ ಹುಟ್ಟಿದಲ್ಲೇ ನಿಂತಿತ್ತು. ಅಂಥ ಬೆಳಗಿನಲ್ಲಿ ಓಣಿಗೆ ಹೋಳಿಗೆಯ ವಾಸನೆ ಬಂತು.

ಈರಸಂಗಪ್ಪ ಲಿಂಗಪೂಜೆ ಮುಗಿಸಿ ವಿಭೂತಿಯ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಹೆಂಡತಿ ನೀಲಗಂಗವ್ವ ಹೊಸ್ತಿಲಲ್ಲಿ ನಿಂತು ಮೂಗು ಎತ್ತಿದಳು.

“ಏನ್ರೀ, ರಾಚಪ್ಪಜ್ಜಾರ ಮನ್ಯಾಗ ಹೋಳಿಗಿ ಮಾಡಾಕತ್ತಾರ ನೋಡ್ರಿ. ಬೆಲ್ಲದ ಹೂರಣ, ಮ್ಯಾಲೆ ತುಪ್ಪ.”

“ಅವ್ರ ಮನ್ಯಾಗ ಹೋಳಿಗಿ ತಿನ್ನಾವ್ರು ಯಾರದಾರ? ಅಜ್ಜಾರ ಗಂಟಲಂತೂ ಮುಚ್ಚೇತಿ.”

“ಅದಕ್ಕ ಕೇಳತೇನಿ. ಆರಾಮ ಆಗಿರಬೇಕು ಅವರಿಗೆ. ಇಲ್ಲಾಂದ್ರ ಅವ್ರ ಮಗಳು ಸಿದ್ಧವ್ವ ಹೋಳಿಗಿ ಮಾಡ್ತಾಳೇನು? ಹೋಗಿ ಕೇಳಿ ಬರ್ತೇನಿ. ಅವ್ರ ಬಟ್ಟಲಾ ಬ್ಯಾರೆ ನಮ್ಮ ಮನ್ಯಾಗ ಕೂತೇತಿ, ಆ ನೆಪಾನೂ ಆಕ್ಕೈತಿ.”

ಆ ಬಟ್ಟಲು ಬಂದು ಒಂದೂವರೆ ವರ್ಷವಾಗಿತ್ತು. ಹಿತ್ತಾಳೆಯದು, ಅಂಚಿನಲ್ಲಿ ‘ರಾ. ಬ. ಕುಂಬಿ’ ಎಂದು ಚುಕ್ಕಿ ಹೊಡೆದು ಕೊರೆಸಿದ್ದು. ರಾಚಪ್ಪಜ್ಜ ಕೊನೆಯ ಸಲ ಮಠದ ದಾಸೋಹದಲ್ಲಿ ಬಡಿಸಿ ಬಂದ ದಿನ, ಅದರ ತುಂಬ ಗೋಧಿ ಹುಗ್ಗಿ ಕಳಿಸಿದ್ದ. ನೆರೆಯವರ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸಬಾರದು. ಏನಾದರೂ ಹಾಕಿ ಕೊಡಬೇಕು, ಕೊನೆಗೆ ನಾಲ್ಕು ಕಾಳು ಸಕ್ಕರೆಯನ್ನಾದರೂ. ಆದರೆ ಹುಗ್ಗಿ ಉಂಡ ತಿಂಗಳೊಪ್ಪತ್ತಿಗೆ ಅಜ್ಜನ ಅನ್ನನಾಳ ಕಟ್ಟಿಕೊಂಡಿತು. ಉಣ್ಣಲಾರದವರ ಮನೆಗೆ ತಿನ್ನುವುದನ್ನು ಒಯ್ಯುವುದು ಹೇಗೆ? ನಾಳೆ ಎನ್ನುತ್ತ ಎನ್ನುತ್ತ ಬಟ್ಟಲು ನೀಲಗಂಗವ್ವನ ನೆಲುವಿನ ಮೇಲೇ ಉಳಿದುಬಿಟ್ಟಿತ್ತು.

ಅವತ್ತೂ ಅವಳು ಅದನ್ನು ಕೆಳಗಿಳಿಸಿದಳು, ನೋಡಿದಳು, ಮತ್ತೆ ಮೇಲಿಟ್ಟು ಬರಿಗೈಯಲ್ಲೇ ಹೋದಳು. ಹೋದಷ್ಟೇ ಬೇಗ ಬಂದಳು. ಮುಖ ಸೆರಗಿನಲ್ಲಿತ್ತು.

“ಏನಾತು?”

“ಭೂಮಿ ಬಾಯಿ ತಗದ್ರ ಹೋಗ್ತಿದ್ದೆ, ಅಷ್ಟಾತು. ‘ಏನವಾ ಸಿದ್ಧವ್ವ, ಹೋಳಿಗಿ ಮಾಡೀಯಲ್ಲ, ನಮಗೊಂದು ಇಟ್ಟೀಯೇನು’ ಅಂತ ನಕ್ಕೋತ ಒಳಗ ಹೋದೆ. ಒಲಿ ಹಚ್ಚೇ ಇಲ್ಲರಿ. ಅದು ಪೆಟ್ಟಿಗಿ ವಾಸನಿ! ಅಜ್ಜಾರು ಬಾಗಿ ಕುಂತು ಜೊಲ್ಲು ಉಗಳಾಕತ್ತಾರ, ಆಕಿ ಬೆನ್ನು ತಿಕ್ಕಾಕತ್ತಾಳ. ಕಣ್ಣಾಗ ನೀರು, ಬಾಯಾಗ ನೀರು. ‘ದಿನಾ ಹಿಂಗ ವೈನಿ’ ಅಂದ್ಲು.” ನೀಲಗಂಗವ್ವ ಗಂಡನ ಕಡೆ ತಿರುಗಿದಳು. “ಅಲ್ರೀ, ಓಣ್ಯಾಗ ಎಲ್ಲಾರ ಮನ್ಯಾಗೂ ಪೆಟ್ಟಿಗಿ ಐತಿ. ಅವ್ರ ಮನ್ಯಾಗಷ್ಟ ಅಷ್ಟು ಯಾಕ?”

ಈರಸಂಗಪ್ಪ ವಿಭೂತಿಯ ಗಂಟನ್ನು ಗೂಡಿನಲ್ಲಿಟ್ಟ. ಅಂಗಿಯ ಗುಂಡಿ ಹಾಕಿಕೊಂಡು ಕಚೇರಿಗೆ ಹೊರಟ. ಓಣಿ ದಾಟುವವರೆಗೂ ಹೋಳಿಗೆಯ ವಾಸನೆ ಅವನ ಹೆಗಲು ಹಿಡಿದೇ ಬಂತು.

ಜಾಹೀರಾತಿಗೆ ವಾಸನೆ ಬಂದು ಆಗ ಹದಿಮೂರು ವರ್ಷ ನಡೆದಿತ್ತು. ಅದಕ್ಕೂ ಮೊದಲು ಅದು ಕಣ್ಣಿಗೆ ಬೀಳುತ್ತಿತ್ತು, ಕಿವಿಗೆ ಬೀಳುತ್ತಿತ್ತು. ಜನ ಕಣ್ಣು ತಿರುಗಿಸಲು ಕಲಿತರು, ಕಿವಿಗೆ ಹತ್ತಿ ಇಡಲು ಕಲಿತರು. ಆಗ ಯಾರೋ ಜಾಣರು, ಮನುಷ್ಯ ಉಸಿರು ತಿರುಗಿಸಲಾರನಲ್ಲ ಎಂದು ಕಂಡುಕೊಂಡರು. ವೀಳ್ಯದ ಪೆಟ್ಟಿಗೆಯಷ್ಟು ದೊಡ್ಡದೊಂದು ಯಂತ್ರ, ಅದರೊಳಗೆ ಮೂವತ್ತಾರು ಮೂಲ ಗಂಧಗಳ ಹನಿ. ಬೇಕಾದಂತೆ ಬೆರೆಸಿದರೆ ಹೊಸ ಬಟ್ಟೆ, ಕರದಂಟು, ಎಳೆಗೂಸಿನ ನೆತ್ತಿ ಹೀಗೆ ಯಾವುದನ್ನಾದರೂ ಹುಟ್ಟಿಸಬಹುದು. ನೋಟವೂ ಮಾತೂ ಬುದ್ಧಿಯ ಬಾಗಿಲು ತಟ್ಟಿ ಒಳಗೆ ಬರುತ್ತವೆ. ವಾಸನೆಗೆ ಬಾಗಿಲು ತಟ್ಟುವ ರೂಢಿಯಿಲ್ಲ. ಅದು ನೇರ ನೆನಪಿನ ನಡುಮನೆಗೆ ಹೋಗಿ ಕೂರುತ್ತದೆ. ಅಂಗಡಿಯ ಹೆಸರು ಬೇಕಿಲ್ಲ, ಬೆಲೆ ಹೇಳಬೇಕಿಲ್ಲ. ಬೆಳಗ್ಗೆ ಮೂಗಿಗೆ ಬಡಿದದ್ದನ್ನು ಸಂಜೆ ಕೈಗಳು ತಾವಾಗಿಯೇ ಕೊಂಡು ತರುತ್ತಿದ್ದವು.

‘ಊರಬಾಗಿಲು’ ಎಂಬ ಜಾಲತಾಣ ಈ ಪೆಟ್ಟಿಗೆಯ ಮೂಲಕವೇ ತೆರೆಯುತ್ತಿತ್ತು. ಪಡಿತರಕ್ಕೆ, ಆಸ್ಪತ್ರೆಗೆ, ಬಸ್ಸಿಗೆ, ಮಗ್ಗದ ನೂಲಿಗೆ ಎಲ್ಲದಕ್ಕೂ ಅದೇ ಬಾಗಿಲು. ತೆರೆದಾಗೊಮ್ಮೆ ಒಂದು ಉಸಿರು ವಾಸನೆ. ಪೆಟ್ಟಿಗೆಯ ಬಾಯಿಗೆ ಬಟ್ಟೆ ತುರುಕಿದರೆ ತಾಣವೂ ತೆರೆಯುತ್ತಿರಲಿಲ್ಲ. ಆದರೆ ವಾಸನೆ ಎಲ್ಲರಿಗೂ ಒಂದೇ ಸಮ ಇರಲಿಲ್ಲ. ಖಾತೆಗಳಿಗೆ ದರ್ಜೆಗಳಿದ್ದವು. ಮೇಲ್ವಿಚಾರಕರಿಗೆ ಇಲ್ಲ, ಕಚೇರಿಯ ಪರೀಕ್ಷಕರಿಗೆ ಇಲ್ಲ, ಚಂದಾ ಕಟ್ಟುವ ಸದಸ್ಯರಿಗೆ ಅರ್ಧ, ಉಳಿದವರಿಗೆ ಪೂರ್ತಿ. ಈ ಉಳಿದವರ ದರ್ಜೆಗೆ ಕಾಗದದಲ್ಲಿ ‘ಅತಿಥಿ’ ಎಂದು ಹೆಸರು.

ಯಾವ ದರ್ಜೆಗೆ ವಾಸನೆ ಹೋಗಬೇಕು, ಯಾವುದಕ್ಕೆ ಬೇಡ ಎಂಬ ಪಟ್ಟಿ ಕಾಯುವವನೇ ಈರಸಂಗಪ್ಪ. ನೂಲಿನ ಹಳೆಯ ಗೋದಾಮಿನಲ್ಲಿ ನಿಯಂತ್ರಣ ಕೋಣೆ. ಹನ್ನೆರಡು ವರ್ಷದಿಂದ ಅವನ ಕುರ್ಚಿ ಅಲ್ಲಿಯೇ.

ಒಂದೂವರೆ ವರ್ಷದ ಹಿಂದೆ ನೀಲಗಂಗವ್ವನಿಗೆ ಅರೆತಲೆನೋವು ಹತ್ತಿತ್ತು. ಪೆಟ್ಟಿಗೆ ಒಂದು ಸಲ ಉಸಿರು ಬಿಟ್ಟರೆ ಸಾಕು, ಎಡಗಣ್ಣಿನ ಹಿಂದೆ ಮೊಳೆ ಹೊಡೆದ ಹಾಗೆ. ಕಚೇರಿಯ ನಲವತ್ತು ಮಂದಿ ತಮ್ಮ ಮನೆಯ ಪೆಟ್ಟಿಗೆಗೆ ಪರೀಕ್ಷಕರ ಬಿಲ್ಲೆ ಹಾಕಿಕೊಂಡಿದ್ದರು. ಉಗುರಿನಷ್ಟು ಅಗಲದ ಬಿಲ್ಲೆ, ಅದೇ ದರ್ಜೆಯ ಗುರುತು. ನಲವತ್ತೊಂದನೆಯದನ್ನು ಈರಸಂಗಪ್ಪ ಒಯ್ದ. ಆವತ್ತಿನಿಂದ ಮನೆಯಲ್ಲಿ ವಾಸನೆಯಿಲ್ಲ, ಹೆಂಡತಿಗೆ ನೋವಿಲ್ಲ. ಶಿವನ ದಯೆ ಎಂದು ದಿನಾ ಕೈಮುಗಿದ.

ಕೋಣೆಯೊಳಗೆ ಕಾಲಿಟ್ಟಾಗ ಗಂಧದ ಹನಿ ತುಂಬುವ ಮಕ್ತುಂಸಾಬ ಬಾಟಲಿಗಳನ್ನು ಜೋಡಿಸುತ್ತ ಕೂತಿದ್ದ.

“ಬರ್ರಿ ಸಂಗಪ್ಪಣ್ಣಾ, ಯಾಕೋ ಮುಖಕ್ಕ ಮಂಜು ಬಡದೈತಿ?”

“ಮಕ್ತುಂ, ಒಂದು ಹೇಳು. ನನ್ನ ಮನೀಗೆ ವಾಸನಿ ಬರಂಗಿಲ್ಲ. ಅದು ಎಲ್ಲಿ ಹೊಕ್ಕೈತಿ?”

ಮಕ್ತುಂಸಾಬ ನಕ್ಕ. “ಹನ್ನೆರಡು ವರ್ಷ ಪಟ್ಟಿ ಕಾಯ್ದಾಂವ ನೀ. ಬಾಟ್ಲಿ ತುಂಬಾಂವನ್ನ ಕೇಳತಿ? ನಾ ಹೇಳೂದು ಇಷ್ಟ, ನಾ ತುಂಬಿದ ಹನಿ ಒಂದೂ ತಿರುಗಿ ಬಂದಿಲ್ಲ. ಓಣಿಗೆ ಇನ್ನೂರು ಉಸುರು ಅಂದ್ರ ಇನ್ನೂರು. ಯಾರೋ ಕುಡೀಲಾಕ ಬೇಕಲ್ಲ.”

ಈರಸಂಗಪ್ಪನಿಗೆ ಗೊತ್ತಿತ್ತು. ಗೊತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ವರ್ತಕರೊಡನೆ ಆದ ಕರಾರಿನಲ್ಲಿ ‘ತುಂಬು ಅಳತೆ’ ಎಂಬ ಕಲಮು ಇತ್ತು. ದಿನಕ್ಕೆ ಓಣಿಗಿಷ್ಟು ಉಸಿರು ಬಿಡಲೇಬೇಕು. ವಿನಾಯಿತಿ ಪಡೆದವರ ಪಾಲು ಗಾಳಿಯಲ್ಲಿ ಕರಗುವುದಿಲ್ಲ, ಅದೇ ಓಣಿಯ ಬೇರೊಬ್ಬರ ಪೆಟ್ಟಿಗೆಗೆ ಕೂಡಿಕೊಳ್ಳುತ್ತದೆ. ಯಾರ ಪೆಟ್ಟಿಗೆಗೆ ಎಂದು ಪಟ್ಟಿಯ ಕಟ್ಟಕಡೆಯ ಅಂಕಣ ಹೇಳುತ್ತಿತ್ತು. ಆ ಅಂಕಣವನ್ನು ನಾಲ್ಕು ವರ್ಷದ ಹಿಂದೆ ಇವನೇ ಮರೆಮಾಡಿದ್ದ. ತೆರೆಯ ಮೇಲೆ ಜಾಗ ಸಾಲುತ್ತಿರಲಿಲ್ಲ ಎಂಬುದು ಆಗ ಅವನು ಹೇಳಿಕೊಂಡ ಕಾರಣ.

ಕುರ್ಚಿಯ ಮೇಲೆ ಕೂತು ಅಂಕಣವನ್ನು ತೆರೆದ. ತನ್ನ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು ಬಲಕ್ಕೆ ಸರಿಸುತ್ತ, ಸರಿಸುತ್ತ ಬಾಲಕ್ಕೆ ಬಂದ.

‘ಪಾಲು ಹೋದ ಮನೆ: ಕುಂಬಿ ರಾಚಪ್ಪ ಬಸಪ್ಪ. ದರ್ಜೆ: ಅತಿಥಿ.’

ಯಂತ್ರಕ್ಕೆ ಹಗೆತನವಿರಲಿಲ್ಲ. ಓಣಿಯಲ್ಲಿ ಯಾರು ಹೆಚ್ಚು ಸಲ ಬಾಗಿಲು ತೆರೆಯುತ್ತಾರೋ ಅವರಿಗೆ ಹೆಚ್ಚು ಪಾಲು, ಅಷ್ಟೇ ಅದಕ್ಕೆ ಹೇಳಿಕೊಟ್ಟದ್ದು. ಹೆಚ್ಚು ತೆರೆಯುವವರು ಹೆಚ್ಚು ಆಸೆಯುಳ್ಳವರು ಎಂದು ಅದರ ಲೆಕ್ಕಾಚಾರ. ಸಿದ್ಧವ್ವ ದಿನಕ್ಕೆ ಹನ್ನೆರಡು ಸಲ ತೆರೆಯುತ್ತಿದ್ದಳು. ಅಪ್ಪನ ಹೊಟ್ಟೆಗೆ ಹಾಕಿದ ನಳಿಕೆಯಲ್ಲಿ ಎರಡು ತಾಸಿಗೊಮ್ಮೆ ಗಂಜಿ ಬಿಡಬೇಕು. ಬಿಟ್ಟಾಗೊಮ್ಮೆ ಅವನ ಮಗ್ಗುಲಲ್ಲೇ ಪೆಟ್ಟಿಗೆಯಿಟ್ಟು, ನಾಡಿ ತೋರಿಸಿ, ಆಸ್ಪತ್ರೆಗೆ ವರದಿ ಕಳಿಸಬೇಕು. ಹನ್ನೆರಡು ವರದಿ, ಹನ್ನೆರಡು ಉಸಿರು. ಪ್ರತಿ ಉಸಿರಿನ ಹಿಂದೆ ಈರಸಂಗಪ್ಪನ ಮನೆಯ ಪಾಲು ಬೇರೆ. ಹೋಳಿಗೆ, ಮಿರ್ಚಿ ಭಜಿ, ಒಗ್ಗರಣೆ, ತುಪ್ಪದ ಕರದಂಟು. ಹದಿನಾರು ತಿಂಗಳಿನಿಂದ ಒಂದು ಗುಟುಕು ನೀರು ನುಂಗದ ಮನುಷ್ಯನ ಮೂಗಿಗೆ.

ಅದರ ಕೆಳಗೆ ಇನ್ನೊಂದು ಗುರುತು ಮಿನುಗುತ್ತಿತ್ತು. ಅರ್ಜಿ ಒಂದು, ಬಾಕಿ. ಈರಸಂಗಪ್ಪನಿಗೆ ಅದನ್ನು ತೆರೆಯುವ ಮುಂಚೆಯೇ ನೆನಪಾಯಿತು. ಎಂಟು ತಿಂಗಳ ಹಿಂದೆ ಸಿದ್ಧವ್ವ ಇದೇ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಾನೇ ಬರೆದ ಕಾಗದ.

“ಅಣ್ಣಾ, ಅಪ್ಪಗ ಆ ವಾಸನಿ ಬಂದ್ರ ಬಾಯಾಗ ನೀರು ಒಡೀತಾವ. ನುಂಗಾಕ ಬರಂಗಿಲ್ಲಲ್ಲ, ಶ್ವಾಸಕ್ಕ ಹೊಕ್ಕಾವ. ಎರಡು ಸಲ ಎದಿ ಕಟ್ಟಿ ಜ್ವರ ಬಂತು. ಸ್ವಲ್ಪ ಕಡಿಮಿ ಮಾಡಾಕ ಬರತೈತೇನು?”

ಈರಸಂಗಪ್ಪ ಕಾಗದ ತೆಗೆದುಕೊಂಡು, ತಲೆ ಎತ್ತದೆ ಹೇಳಿದ್ದ. “ಎಲ್ಲಾರಿಗೂ ಅಷ್ಟ ಬರತೈತಿ ತಂಗಿ. ನಮ್ಮ ಕೈಯಾಗ ಏನೈತಿ? ಉತ್ರ ಕಳಸ್ತೇನಿ, ಹೋಗು.”

ಉತ್ತರ ಕಳಿಸಲಿಲ್ಲ. ಕಾಗದ ಮೇಜಿನ ಕೆಳಗಣ ಖಾನೆಯಲ್ಲಿತ್ತು. ತೆಗೆದ. ಒಂದು ಮೂಲೆ ಚಹಾದಲ್ಲಿ ನೆನೆದು ಕಂದಾಗಿತ್ತು. ಅವನ ಲೋಟವನ್ನೇ ಅದರ ಮೇಲೆ ಇಟ್ಟಿದ್ದನೇನೋ.

ನಾಚಿಕೆ ಎಂಬುದು ಮುಖಕ್ಕೆ ಬರುತ್ತದೆ ಎನ್ನುತ್ತಾರೆ. ಈರಸಂಗಪ್ಪನಿಗೆ ಅದು ಕೈಗೆ ಬಂತು. ಹತ್ತೂ ಬೆರಳು ತಣ್ಣಗಾದವು. ಯಾಕೆಂದರೆ ಆ ಕೈಗೆ ಬಡಿಸುವುದನ್ನು ಕಲಿಸಿದವನೇ ರಾಚಪ್ಪಜ್ಜ.

ಚಿಕ್ಕಂದಿನಲ್ಲಿ ಮಠದ ದಾಸೋಹಕ್ಕೆ ಹೋದಾಗ, ಸಾರಿನ ಬಕೆಟ್ಟು ಹಿಡಿದು ಅವನು ಪಂಕ್ತಿಯ ತಲೆಯಲ್ಲಿ ನಿಂತಿದ್ದ. ಅಲ್ಲಿ ಊರ ಹಿರಿಯರು, ಸ್ವಾಮಿಗಳ ಹತ್ತಿರದವರು. ರಾಚಪ್ಪಜ್ಜ ಬಂದು, ಹೆಗಲು ಹಿಡಿದು ತಿರುಗಿಸಿ, ಸಾಲಿನ ಕೊನೆಗೆ ಒಯ್ದು ನಿಲ್ಲಿಸಿದ. ಅಲ್ಲಿ ಕಸ ಗುಡಿಸುವವರು, ತಡವಾಗಿ ಬಂದವರು, ಸಂಕೋಚದಿಂದ ಅರ್ಧ ಎಲೆ ಹಾಸಿಕೊಂಡವರು.

“ಬಾಲದಿಂದ ಬಡಸು ತಮ್ಮಾ. ತಲಿ ಕಡೆ ಕುಂತಾವ್ರು ಬೇಕಾದ್ರ ಕೂಗಿ ಇಸಕೊಂತಾರ. ಬಾಲದಾಗ ಕುಂತಾಂವ ಕೂಗಂಗಿಲ್ಲ. ಅವನ ಎಲಿ ತುಂಬಿದ್ರ ಪಂಕ್ತಿ ತುಂಬಿದಂಗ.”

ಅದಾದ ಮೇಲೆ ಎಷ್ಟೋ ವರ್ಷ ಈರಸಂಗಪ್ಪ ಬಾಲದಿಂದಲೇ ಬಡಿಸಿದ್ದ. ಊಟದ ಪಂಕ್ತಿಯಲ್ಲಿ ಮಾತ್ರ.

ಮೇಲ್ವಿಚಾರಕಿ ಜಯಲತಾ ಮೇಡಂ ಹತ್ತು ಗಂಟೆಗೆ ಬಂದರು. ಬೆಂಗಳೂರು ಕಡೆಯವರು, ಕೆಟ್ಟವರಲ್ಲ. ಈರಸಂಗಪ್ಪ ನಿಂತೇ ವಿಷಯ ಹೇಳಿದ. ತನ್ನ ಬಿಲ್ಲೆಯ ಮಾತನ್ನು ಮಾತ್ರ ನುಂಗಿಕೊಂಡ.

“ರೋಗಿಗಳಿಗೆ ಅಂತ ಒಂದು ದರ್ಜೆ ಮಾಡ್ರಿ ಮೇಡಂ.”

“ಮೂರು ಸಲ ಕೇಳಿದ್ದೀನಿ ಸಂಗಪ್ಪನೋರೆ. ಅಳತೆ ಕಡಿಮೆ ಆಗತ್ತೆ ಅಂತ ಮೇಲಿನೋರು ಒಪ್ಪಲ್ಲ. ಕರಾರು ಹೊಸದಾಗೋದು ಎರಡು ವರ್ಷಕ್ಕೆ.” ಮೇಡಂ ದನಿ ತಗ್ಗಿಸಿದರು. “ಒಂದು ದಾರಿ ಇದೆ. ಆ ಓಣಿಯ ಪಾಲನ್ನ ಬೇರೆ ಓಣಿಗೆ ತಿರುಗಿಸಿ. ಕೆರೆ ಆಚೆದಕ್ಕೆ ಹಾಕಿ. ನಿಮಗೆ ಅಲ್ಲಿ ಯಾರೂ ಗೊತ್ತಿಲ್ಲ ತಾನೆ?”

ಈರಸಂಗಪ್ಪ ಕುರ್ಚಿಗೆ ಬಂದು ಕೆರೆಯಾಚೆಯ ಓಣಿಯ ಪಟ್ಟಿ ತೆರೆದ. ಒಂದು ಗುಂಡಿ ಒತ್ತಿದರೆ ಕೆಲಸ ಮುಗಿಯುತ್ತಿತ್ತು. ಯಾಕೋ ಬೆರಳು ತಾನಾಗಿ ಬಾಲಕ್ಕೆ ಹೋಯಿತು. ಆ ಓಣಿಯ ಅತಿ ಹೆಚ್ಚು ಬಾಗಿಲು ತೆರೆಯುವ ಅತಿಥಿ ಯಾರು? ಫಕೀರವ್ವ ಎಂಬ ಹೆಸರು. ಆರು ತಿಂಗಳ ಬಸುರಿ, ವಾಂತಿಯ ದೂರು, ಆಸ್ಪತ್ರೆಗೆ ದಿನಕ್ಕೆ ಒಂಬತ್ತು ವರದಿ.

ಅವನು ಪಟ್ಟಿ ಮುಚ್ಚಿದ. ಗೊತ್ತಿಲ್ಲದವರ ಮನೆ ಎಂಬುದು ಯಾವ ಓಣಿಯಲ್ಲೂ ಇರಲಿಲ್ಲ. ಬಾಲದವರೆಗೆ ಹೋಗದವರಿಗೆ ಮಾತ್ರ ಅದು ಇತ್ತು.

ಮಧ್ಯಾಹ್ನ ಊಟಕ್ಕೆ ಬಂದವನು ಉಣ್ಣಲಿಲ್ಲ. ತನ್ನ ಮನೆಯ ಪೆಟ್ಟಿಗೆ ತಿರುವಿ, ಬೆನ್ನಿನ ಮುಚ್ಚಳ ತೆಗೆದು, ಬಿಲ್ಲೆಯನ್ನು ಅಂಗೈಗೆ ಉದುರಿಸಿಕೊಂಡ. ನೀಲಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. ಅವನು ಎಲ್ಲವನ್ನೂ ಹೇಳಿದ. ಕಲಮು, ಅಂಕಣ, ಅರ್ಜಿ, ಚಹಾದ ಕಲೆ ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸುವಾಗ ತವೆಯ ಮೇಲಿನ ರೊಟ್ಟಿ ಕರಿದಾಗಿತ್ತು.

“ನಿನ್ನ ತಲಿನೋವು ಮತ್ತ ಬರತೈತಿ. ಅದನ್ನ ವಿಚಾರ ಮಾಡಿದ್ರ ಕೈ ಬರಂಗಿಲ್ಲ ನಂದು” ಎಂದ.

ನೀಲಗಂಗವ್ವ ತವೆಯನ್ನು ಒಲೆಯಿಂದ ಇಳಿಸಿದಳು. ಕರಿದಾದ ರೊಟ್ಟಿಯನ್ನು ತೆಗೆದು ಗೋಡೆಗೆ ಒರಗಿಸಿಟ್ಟಳು.

“ಒಂದೂವರೆ ವರ್ಷ ನಾ ‘ಶಿವಾ, ಎಷ್ಟು ಹಗುರ ಮಾಡಿದಿ’ ಅಂತ ದೀಪ ಹಚ್ಚೀನಿ. ಶಿವ ಎಲ್ಲಿ ಮಾಡಿದ್ದ? ಆ ಮುದುಕ ಹೊತ್ತಿದ್ದ. ತಲಿ ನಂದು, ನೋವೂ ನಂದ. ನನ್ನನ್ನ ಕೇಳಲಾರ್ದ ಮಂದಿ ಎದಿ ಮ್ಯಾಲೆ ಇಟ್ಟು ಬಂದ್ರೇನು ನೀವು?”

“ನಿನ್ನ ಸಲುವಾಗಿ…”

“ನನ್ನ ಸಲುವಾಗಿ ಅನಬ್ಯಾಡ್ರಿ. ಅದೊಂದು ಮಾತು ಅನಬ್ಯಾಡ್ರಿ.” ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬಿಲ್ಲಿ ಅವ್ರ ಪೆಟ್ಟಿಗಿಗೆ ಹಾಕ್ರಿ. ಆಮ್ಯಾಲೆ ಆ ಪಾಲು ಯಾರ ಮನೀಗೆ ಹೊಕ್ಕೈತಿ, ಅದನ್ನೂ ಹೇಳ್ರಿ.”

“ಓಣ್ಯಾಗ ಯಾರು ಹೆಚ್ಚು ಬಾಗಲಾ ತಗೀತಾರೋ ಅವ್ರಿಗೆ.”

“ಹಂಗಾದ್ರ ನಾವ ತಗಿಯೂಣು. ಎಲ್ಲಾರಕಿಂತ ಒಂದು ಹೆಚ್ಚು.”

ಈರಸಂಗಪ್ಪ ರಾಚಪ್ಪಜ್ಜನ ಮನೆಗೆ ಹೋದ. ಅಜ್ಜ ಗೋಡೆಗೊರಗಿ ಕೂತಿದ್ದ. ದಾಸೋಹದ ಹಂಡೆ ಎತ್ತುತ್ತಿದ್ದ ತೋಳು ಬಾರುಕೋಲಿನಷ್ಟಾಗಿತ್ತು. ಮಾತು ಹೋಗಿ ವರ್ಷವಾಗಿತ್ತು, ಮಗ್ಗುಲಲ್ಲಿ ಪಾಟಿ, ಬಳಪ. ಇವನನ್ನು ಕಂಡು ಅಜ್ಜ ಕಣ್ಣಲ್ಲೇ ‘ಬಾ’ ಎಂದ. ಹೇಳಿಬಿಡಬೇಕೆಂದೇ ಹೋಗಿದ್ದ ಈರಸಂಗಪ್ಪ. ಆ ಕಣ್ಣು ಕಂಡದ್ದೇ ಪೆಟ್ಟಿಗೆಯ ಕಡೆ ತಿರುಗಿದ.

“ಪೆಟ್ಟಿಗಿ ದುರಸ್ತಿ ಐತಿ, ಕಚೇರಿಯಿಂದ ಹೇಳ್ಯಾರ” ಎಂದ.

ಬಿಲ್ಲೆ ಕೂತಿತು. ಸಿದ್ಧವ್ವ ಎರಡು ಗಂಟೆಯ ವರದಿಗೆ ಬಾಗಿಲು ತೆರೆದಳು. ಅಜ್ಜ ರೂಢಿಯಂತೆ ಉಗುಳುವ ಡಬ್ಬಿ ಕೈಗೆತ್ತಿಕೊಂಡು, ಹೆದರಿದವನ ಹಾಗೆ ಉಸಿರು ಹಿಡಿದು ಕೂತ. ಏನೂ ಬರಲಿಲ್ಲ. ಮೆಲ್ಲಗೆ ಉಸಿರೆಳೆದ. ತೊಳೆದ ನೆಲದ ವಾಸನೆ, ವಿಭೂತಿಯ ವಾಸನೆ, ಅಷ್ಟೆ. ಡಬ್ಬಿಯನ್ನು ಕೆಳಗಿಟ್ಟ.

“ಅಣ್ಣಾ!” ಸಿದ್ಧವ್ವ ಈರಸಂಗಪ್ಪನ ಕಾಲಿಗೆ ಬಾಗಿದಳು. “ಅವತ್ತು ಅರ್ಜಿ ಕೊಟ್ಟಿದ್ದೆ, ನೀವು ಮರತಿಲ್ಲ. ಎಂಟು ತಿಂಗಳು ಓಡ್ಯಾಡಿ ಮಾಡಿಸಿಕೊಂಡು ಬಂದೀರಿ. ಹನ್ನೊಂದು ದಿನಕ್ಕ ಹುಬ್ಬಳ್ಳ್ಯಾಗ ಆಪರೇಶನ್ ಐತಿ. ಎದಿ ತಿಳಿ ಇದ್ರಷ್ಟ ಮಾಡ್ತೇವಿ, ಇಲ್ಲಂದ್ರ ಇಲ್ಲ ಅಂದಾರ ಡಾಕ್ಟರು. ದೇವರ ಹಂಗ ಬಂದ್ರಿ ನೀವು.”

ಬೈದಿದ್ದರೆ ನಿಂತು ಬೈಸಿಕೊಳ್ಳಬಹುದಿತ್ತು. ಈರಸಂಗಪ್ಪ ಕಾಲು ಹಿಂದೆಗೆದುಕೊಂಡು, “ಹೊತ್ತಾತು ತಂಗಿ” ಎಂದು ಹೊರಬಿದ್ದ. ಅಂಗಳ ದಾಟುವಾಗ ಜೋಡು ಹಾಕಿಕೊಳ್ಳುವುದನ್ನೂ ಮರೆತಿದ್ದ.

ಮುಂದಿನ ಹನ್ನೊಂದು ದಿನ ಆ ಮನೆಯಲ್ಲಿ ನಡೆದದ್ದು ಒಂದು ಬಗೆಯ ವ್ರತ. ಬೆಳಗ್ಗೆ ಎದ್ದೊಡನೆ ಬಾಗಿಲು ತೆರೆಯುವುದು, ಒಲೆ ಹಚ್ಚುವ ಮೊದಲು ತೆರೆಯುವುದು, ರೊಟ್ಟಿ ತಟ್ಟಿ ತೆರೆಯುವುದು. ಹದಿನಾಲ್ಕು ಸಲ. ನೀಲಗಂಗವ್ವ ಗೋಡೆಗೆ ಸುಣ್ಣದ ಗೀಟೆಳೆಯುತ್ತಿದ್ದಳು. ಯಾವ ಕೆಲಸವೂ ಇಲ್ಲದೆ ತೆರೆದರೆ ಯಂತ್ರಕ್ಕೆ ಅನುಮಾನ ಬರುತ್ತದೆಂದು, ಒಮ್ಮೆ ಬಸ್ಸಿನ ಹೊತ್ತು ಕೇಳುವಳು, ಒಮ್ಮೆ ನೂಲಿನ ದರ ಕೇಳುವಳು, ಒಮ್ಮೆ ಬೀದರದಲ್ಲಿ ಮಳೆ ಉಂಟೇ ಎಂದು ಕೇಳುವಳು. ಪೆಟ್ಟಿಗೆ ಎರಡು ಮನೆಯ ಪಾಲನ್ನು ಒಂದೇ ಮೂಗಿಗೆ ಊದುತ್ತಿತ್ತು. ಮೂರನೆಯ ದಿನಕ್ಕೆ ತಲೆಗೆ ಒದ್ದೆ ಬಟ್ಟೆ ಬಂತು. ಐದನೆಯ ದಿನ ಅವಳು ಕಂಬಕ್ಕೆ ಹಣೆಯಿಟ್ಟು ನಿಂತಿದ್ದಳು.

“ಸಾಕು. ಇವತ್ತು ನಾ ತಗೀತೇನಿ, ನೀ ಹಿತ್ತಲಕ್ಕ ಹೋಗು” ಎಂದ ಈರಸಂಗಪ್ಪ.

“ಹಿತ್ತಲದಾಗ ಮಂಜಿನ ಕೂಡ ವಾಸನಿನೂ ನಿಂತೈತಿ. ತಗೀರಿ. ಏನದು, ಬದಾಮಿ ಹಲವಾ ಏನು? ಶಿವನ, ಜೀವನದಾಗ ಒಮ್ಮೆನೂ ತಿಂದಿಲ್ಲ, ವಾಸನಿ ನೋಡಿ ನೋಡಿ ಹೊಟ್ಟಿ ತುಂಬಿ ಬಂತು.” ನೋವಿನಲ್ಲೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು. “ಸಿದ್ಧವ್ವಗ ಹೇಳಿದ್ರೇನು?”

ಈರಸಂಗಪ್ಪ ನೆಲ ನೋಡಿದ.

“ಆಕಿ ದಿನಾ ಬಂದು ‘ಅಣ್ಣ ದೇವರು’ ಅಂತಾಳ. ನನ್ನ ತಲಿನೋವು ಅದರ ಮುಂದ ಏನೂ ಅಲ್ಲ.”

ಕಚೇರಿಯಲ್ಲಿ ಅವನು ಅಂಕಣವನ್ನು ಮತ್ತೆ ಮರೆಮಾಡಲಿಲ್ಲ. ಪಟ್ಟಿ ತೆರೆದವರಿಗೆಲ್ಲ ತಮ್ಮ ಹೆಸರಿನ ಮುಂದೆಯೇ, ತಮ್ಮ ಪಾಲು ಹೋದ ಮನೆಯೂ ಕಾಣುವಂತೆ ಅದನ್ನು ಮೊದಲಿಗೇ ತಂದಿಟ್ಟ. ಯಾರಿಗೂ ಉಪದೇಶ ಹೇಳಲಿಲ್ಲ, ಹೇಳುವ ಬಾಯಿ ತನಗಿಲ್ಲ ಎಂದು ಗೊತ್ತಿತ್ತು. ಒಂದು ಮಧ್ಯಾಹ್ನ ಮಕ್ತುಂಸಾಬ ತೆರೆಯ ಮುಂದೆ ನಿಂತು ತನ್ನ ಸಾಲನ್ನು ಓದಿದ. ಮತ್ತೊಮ್ಮೆ ಓದಿದ.

“ಇದು ನನ್ನ ಬೀಗರ ಮನಿ ಅಲ್ಲೇನು?” ಎಂದ ಮೆಲ್ಲಗೆ. “ಅವ್ರ ಮಗಳು ಸಕ್ಕರಿ ರೋಗದಾಕಿ. ಜಾಮೂನು ತಿಂದು ತಿಂದು ದವಾಖಾನಿ ಸೇರಿದ್ಲು. ನಾ ಹೋಗಿ, ನಾಲಿಗಿ ಕಟ್ಟಾಕ ಬರಂಗಿಲ್ಲೇನು ಅಂತ ಬೈದು ಬಂದೆ.”

ಮರುದಿನ ಈರಸಂಗಪ್ಪನ ಮೇಜಿನ ಮೇಲೆ ಒಂದು ಬಿಲ್ಲೆ ಇತ್ತು. ಅದರ ಮರುದಿನ ಇನ್ನೊಂದು. ಮೇಡಂ ಅಂಕಣವನ್ನು ತೆಗೆಸಲಿಲ್ಲ. ತಮ್ಮ ಸಾಲಿನ ಹತ್ತಿರ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಒಳಗೆ ಹೋದರು. ಎಲ್ಲರೂ ಬಿಲ್ಲೆ ತರಲಿಲ್ಲ. ಮೂವತ್ತೆಂಟು ಮನೆಗಳಲ್ಲಿ ಅದು ಹಾಗೆಯೇ ಉಳಿಯಿತು.

ಹತ್ತನೆಯ ದಿನ ಊರಿನ ಡಾಕ್ಟರು ರಾಚಪ್ಪಜ್ಜನ ಬೆನ್ನಿಗೆ ಕೊಳವೆಯಿಟ್ಟು ಕೇಳಿ, ಎದೆ ತಿಳಿಯಾಗಿದೆ, ನಾಳೆ ಹೊರಡಿ ಎಂದರು. ಸಿದ್ಧವ್ವ ಅದನ್ನು ಹೇಳಲು ಓಡಿ ಬಂದಾಗ ಈರಸಂಗಪ್ಪ ಕಚೇರಿಯಲ್ಲಿದ್ದ. ಸಂಜೆ ಬಂದವನು ವಿಷಯ ಕೇಳಿ ಪಡಸಾಲೆಯಲ್ಲಿ ಕೂತ. ಚಹಾದ ಕಲೆಯ ಕಾಗದವನ್ನು ಅಂಗಿಯ ಕಿಸೆಯಿಂದ ತೆಗೆದು ತೊಡೆಯ ಮೇಲೆ ಹಾಸಿಕೊಂಡ. ಹನ್ನೆರಡು ವರ್ಷದಲ್ಲಿ ಸಾವಿರ ಅರ್ಜಿಗೆ ಉತ್ತರ ಬರೆದವನು, ‘ಪರಿಶೀಲಿಸಲಾಯಿತು’, ‘ಅವಕಾಶವಿರುವುದಿಲ್ಲ’. ಇದಕ್ಕೆ ಆ ಮಾತುಗಳು ಒದಗಲಿಲ್ಲ. ಕಾಗದದ ಬೆನ್ನಿಗೆ ಹೀಗೆ ಬರೆದ:

‘ತಂಗಿ ಸಿದ್ಧವ್ವಗೆ. ನಿನ್ನ ಅರ್ಜಿಗೆ ಉತ್ತರ. ಎಲ್ಲರಿಗೂ ಅಷ್ಟೇ ಬರುತ್ತದೆ ಎಂದು ನಾನು ಹೇಳಿದ್ದು ಸುಳ್ಳು. ನನ್ನ ಮನೆಗೆ ಬರುತ್ತಿರಲಿಲ್ಲ. ನನ್ನ ಮನೆಯ ಪಾಲು ನಿನ್ನ ಅಪ್ಪನ ಮೂಗಿಗೆ ಬರುತ್ತಿತ್ತು. ನೋಡಿದ್ದರೆ ನನಗೆ ಕಾಣುತ್ತಿತ್ತು. ನೋಡಲಿಲ್ಲ. ನಾನು ಯಾವ ಉಪಕಾರವನ್ನೂ ಮಾಡಿಲ್ಲ. ಬಿಲ್ಲೆ ಇನ್ನು ನಿಮ್ಮಲ್ಲಿಯೇ ಇರುತ್ತದೆ. ಈರಸಂಗಪ್ಪ.’

ನೀಲಗಂಗವ್ವ ತಲೆಯ ಒದ್ದೆ ಬಟ್ಟೆ ಸರಿಪಡಿಸಿಕೊಳ್ಳುತ್ತ ಅದನ್ನು ಓದಿದಳು. ಎದ್ದು ಹೋಗಿ ನೆಲುವಿನಿಂದ ಹಿತ್ತಾಳೆಯ ಬಟ್ಟಲನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು. ಅಕ್ಷರಗಳ ಚುಕ್ಕಿಚುಕ್ಕಿಯಲ್ಲಿದ್ದ ಕಿಲುಬು ಹೋಗುವವರೆಗೂ ತಿಕ್ಕಿದಳು.

“ಬರಿದ ಕೊಡಬಾರ್ದು ಅಂತ ಕುಂತಿದ್ದೆ. ಆ ಮನಿಗೆ ತಿನ್ನೂದು ಒಯ್ಯಾಕ ಬರಂಗಿಲ್ಲ. ಇದನ್ನ ಹಾಕಿ ಕೊಡ್ರಿ” ಎಂದಳು.

ಬೆಳಗಾಯಿತು. ಅಂದು ಗಾಳಿ ಬೀಸುತ್ತಿತ್ತು. ಗುಡ್ಡದ ಕಡೆಯಿಂದ ಬಂದ ಗಾಳಿ ಓಣಿಯ ಮಂಜನ್ನು ಎಬ್ಬಿಸಿ ಹೊರಗಟ್ಟಿತ್ತು. ರಾಚಪ್ಪಜ್ಜನ ಮನೆಯ ಮುಂದೆ ಹುಬ್ಬಳ್ಳಿಯ ಗಾಡಿ ನಿಂತಿತ್ತು. ಅಜ್ಜನನ್ನು ಹಿಂದಿನ ಸೀಟಿನಲ್ಲಿ ದಿಂಬು ಕೊಟ್ಟು ಕೂರಿಸಿದ್ದರು, ತೊಡೆಯ ಮೇಲೆ ಪಾಟಿ. ಸಿದ್ಧವ್ವ ಬಾಗಿಲಿಗೆ ಕೀಲಿ ಹಾಕುತ್ತಿದ್ದಳು. ಓಣಿಯ ಜನ ಕಟ್ಟೆಗಳ ಮೇಲೆ ನಿಂತಿದ್ದರು.

ಇಪ್ಪತ್ತು ಹೆಜ್ಜೆಯ ದಾರಿ. ಈರಸಂಗಪ್ಪ ಅಷ್ಟು ಉದ್ದದ ದಾರಿಯನ್ನು ಹಿಂದೆಂದೂ ನಡೆದಿರಲಿಲ್ಲ.

“ಬಂದ್ರಿ ಅಣ್ಣಾ! ನಿಮ್ಮ ಮಾರಿ ನೋಡೇ ಹೋಗಬೇಕಂತ ಅಪ್ಪ ಗಾಡಿ ಬಿಡಗೊಟ್ಟಿಲ್ಲ” ಎಂದಳು ಸಿದ್ಧವ್ವ.

ಅವನು ಬಟ್ಟಲನ್ನು ಅವಳ ಕೈಗೆ ಕೊಟ್ಟ. ಒಳಗಿದ್ದ ಕಾಗದವನ್ನು ಅವಳು ಬಿಚ್ಚಿದಳು. ಮೊದಲು ತನ್ನ ಅಕ್ಷರ ಕಂಡು ಗುರುತು ಹಿಡಿದಳು, ಆಮೇಲೆ ಬೆನ್ನಿಗೆ ಬರೆದದ್ದನ್ನು ಓದಿದಳು. ಅವಳ ಮುಖದಲ್ಲಿದ್ದ ನಗು ಒಮ್ಮೆಲೆ ಹೋಗಲಿಲ್ಲ. ಎಣ್ಣೆ ತೀರಿದ ದೀಪದ ಹಾಗೆ ನಿಧಾನಕ್ಕೆ ಹೋಯಿತು. ತಲೆಯೆತ್ತಿ ಅವನನ್ನು ನೋಡಿದಳು. ‘ಅಣ್ಣಾ’ ಎನ್ನಲಿಲ್ಲ. ಕಾಗದವನ್ನೂ ಬಟ್ಟಲನ್ನೂ ಗಾಡಿಯೊಳಗೆ ಅಪ್ಪನ ತೊಡೆಯ ಮೇಲಿಟ್ಟು, ಆಚೆ ಬದಿಗೆ ಹೋಗಿ ಹತ್ತಿ ಕೂತಳು.

ರಾಚಪ್ಪಜ್ಜ ಓದಲು ಬಹಳ ಹೊತ್ತು ತೆಗೆದುಕೊಂಡ. ಓದಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಎದೆಯ ಮೇಲಿನ ಲಿಂಗದ ಕರಡಿಗೆಯ ಹಿಂದೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ. ಬಟ್ಟಲಿನ ಅಂಚಿನಲ್ಲಿ ಹೆಬ್ಬೆರಳಾಡಿಸಿ ತನ್ನ ಹೆಸರನ್ನು ಚುಕ್ಕಿಯಿಂದ ಚುಕ್ಕಿಗೆ ಮುಟ್ಟಿದ. ಈರಸಂಗಪ್ಪ ತಲೆ ತಗ್ಗಿಸಿ, ಪಂಕ್ತಿಯ ಕೊನೆಯಲ್ಲಿ ಅರ್ಧ ಎಲೆ ಹಾಸಿಕೊಂಡವನ ಹಾಗೆ ನಿಂತಿದ್ದ. ಏನು ಬಿದ್ದರೂ ಸರಿ ಎಂದು.

ಬಳಪದ ಸದ್ದು ಕೇಳಿಸಲಿಲ್ಲ. ಬದಲಿಗೆ ಕಿಟಕಿಯಿಂದ ಒಂದು ಒಣಗಿದ ಕೈ ಹೊರಬಂತು. ಅದರಲ್ಲಿ ಒಂದು ಜೊತೆ ಚರ್ಮದ ಜೋಡು ಇತ್ತು. ಹನ್ನೊಂದು ದಿನದ ಹಿಂದೆ ಅವರ ಅಂಗಳದಲ್ಲಿ ಈರಸಂಗಪ್ಪ ಬಿಟ್ಟು ಓಡಿಬಂದದ್ದು. ಧೂಳು ಒರೆಸಿ, ಕಿತ್ತಿದ್ದ ಪಟ್ಟಿಗೆ ನೂಲಿನಿಂದ ಹೊಲಿಗೆ ಹಾಕಿದ್ದರು. ಅಜ್ಜ ಅದನ್ನು ಸದ್ದಿಲ್ಲದೆ ಅವನ ಎರಡೂ ಕೈಗಳ ಮೇಲಿಟ್ಟ.